ಚುಕ್ಕಿಯ ಓಟ: ಆಸಿಲೋಸ್ಕೋಪಿನ ‘ಸ್ವೀಪ್’ ಹೇಗೆ ನಡೆಯುತ್ತದೆ?

 

ಈ ಸಲ ಗೋಡೆ ಪತ್ರಿಕೆಗೆ ವಿಜ್ಞಾನದ ಪಾಠ ಬರೆಯುವ ಪಾಳಿ ನನ್ನದು. ನಾನು ಬರೆಯುವುದು ಒಂದು ಯಂತ್ರದ ಬಗ್ಗೆ, ಅದರ ಜೊತೆಗೆ ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ತಪ್ಪು ಯಾಕಾಯಿತು ಅಂತ ತಿಳಿಯಬೇಕಾದರೆ ಯಂತ್ರ ತಿಳಿಯಬೇಕು. ಅದಕ್ಕ ಪೂರ್ತಿ ಓದ್ರಿ, ನಡುವ ಬಿಟ್ಟು ಹೋಗಬ್ಯಾಡ್ರಿ.

೧. ಮೈಕಿನ ‘ಗುಂಯ್’ ಸದ್ದು

ಸ್ನೇಹ ಸಮ್ಮೇಳನದ ತಾಲೀಮು ನಡೆದಾಗ ನಮ್ಮ ಸಾಲಿಯ ಮೈಕ್ ಸೆಟ್ಟಿನಲ್ಲಿ ಒಂದೇ ಸಮನೆ ‘ಗುಂಯ್’ ಅಂತ ಸದ್ದು ಬರುತ್ತಿದ್ದುದು ಎಲ್ಲರಿಗೂ ನೆನಪಿರಬೇಕು. ಒಂದನೇ ಇಯತ್ತೆ ಹುಡುಗರು ಭಾಷಣ ಮಾಡಿದರೆ ಭಾಷಣಕ್ಕಿಂತ ‘ಗುಂಯ್’ ಜಾಸ್ತಿ ಕೇಳುತ್ತಿತ್ತು. ಹೊಸ ಸೆಟ್ಟು ತರಲು ರೊಕ್ಕ ಇರಲಿಲ್ಲ. ಆಗ ನಮ್ಮ ವಿಜ್ಞಾನ ಗುರುಗಳು ತಮ್ಮ ಪರಿಚಯದವರ ಕಡೆಯಿಂದ ಒಂದು ಹಳೇ ಆಸಿಲೋಸ್ಕೋಪ್ ತಂದರು. ಹಸಿರು ಪರದೆ, ಮುಂದೆ ಸಾಲಾಗಿ ಗುಂಡಿಗಳು, ಮೇಲೆ ‘೨೦ ಮೆಗಾಹರ್ಟ್ಸ್’ ಅಂತ ಬರೆದಿತ್ತು. ಕಾಲೇಜಿನವರು ಇದಕ್ಕೆ ಸಿ.ಆರ್.ಓ. ಅನ್ನುತ್ತಾರೆ.

ಗುರುಗಳು ಲೆಕ್ಕ ಹೀಗೆ ಹೇಳಿದರು. ನಮ್ಮ ಮನೆಗೆ ಹೆಸ್ಕಾಂ ತಂತಿಯಲ್ಲಿ ಬರುವ ಕರೆಂಟು ಸೆಕೆಂಡಿಗೆ ೫೦ ಸಲ ಹಿಂದೆ ಮುಂದೆ ಆಗುತ್ತದೆ, ಅಂದ್ರ ೫೦ ಹರ್ಟ್ಸ್. ಒಂದು ಸುತ್ತಿಗೆ ೨೦ ಮಿಲಿಸೆಕೆಂಡ್. (ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿಸೆಕೆಂಡ್.) ಮೈಕ್ ಸೆಟ್ಟಿನೊಳಗಿನ ಡಯೋಡುಗಳು ಕೆಳಗಿನ ಅರ್ಧವನ್ನು ಮಗುಚಿ ಮೇಲೆ ಮಾಡುತ್ತವೆ, ಹೀಗಾಗಿ ಒಂದು ಸುತ್ತಿಗೆ ಎರಡು ಗುಡ್ಡ ಆಗುತ್ತವೆ. ಆ ಗುಡ್ಡಗಳನ್ನು ಸಮ ಮಾಡಲು ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ರಿಪೇರಿಯವರು ಅದಕ್ಕೇ ಕಂಡೆನ್ಸರ್ ಅನ್ನೋದು. ಅದು ಒಣಗಿ ಕೆಟ್ಟರೆ ೧೦೦ ಹರ್ಟ್ಸ್ ಸದ್ದು ಬರುತ್ತದೆ, ಗುಡ್ಡದಿಂದ ಗುಡ್ಡಕ್ಕೆ ೧೦ ಮಿಲಿಸೆಕೆಂಡ್. ಮೈಕಿನ ವೈರಿನ ಮೇಲೆ ಜಾಳಿಗೆಯಂತೆ ಹೆಣೆದ ತಂತಿ ಹರಿದರೆ ಗೋಡೆಯ ವೈರಿಂಗಿನ ಸದ್ದು ನೇರವಾಗಿ ಒಳಗೆ ನುಗ್ಗುತ್ತದೆ. ಆಗ ೫೦ ಹರ್ಟ್ಸ್, ೨೦ ಮಿಲಿಸೆಕೆಂಡ್.

ಅಂದ ಮೇಲೆ ಕೆಲಸ ಸರಳ. ಗುಡ್ಡದಿಂದ ಗುಡ್ಡಕ್ಕೆ ಎಷ್ಟು ಹೊತ್ತು ಅಂತ ಅಳೆದರೆ ರೋಗ ಯಾವುದು ಅಂತ ಗೊತ್ತಾಗುತ್ತದೆ. ಅಳೆಯುವ ಕೆಲಸ ನನಗೆ ಸಿಕ್ಕಿತು. ಗುಂಡಿ ‘ಮನೆಗೆ ೫ ಮಿಲಿಸೆಕೆಂಡ್’ ಅನ್ನುವಲ್ಲಿ ಇತ್ತು. ಪರದೆಯ ಮೇಲಿನ ಚೌಕಗಳನ್ನು ನಾನು ಮನೆ ಅನ್ನುತ್ತೇನೆ, ಚೌಕಾಬಾರದ ಮನೆ ಇದ್ದಂಗ. ಗುಡ್ಡದಿಂದ ಗುಡ್ಡಕ್ಕೆ ಎರಡು ಮನೆ ಆಗಿ ಚೂರು ಹೆಚ್ಚಿತ್ತು. ಚೂರು ಬಿಟ್ಟೆ. “ಎರಡು ಮನೆ, ಐದೆರಡ್ಲೆ ಹತ್ತು ಮಿಲಿಸೆಕೆಂಡ್, ನೂರು ಹರ್ಟ್ಸ್! ಕಂಡೆನ್ಸರ್ ಹೋಗೇತಿ!” ಅಂತ ಕೂಗಿದೆ. ಎಲ್ಲರೂ ರೊಕ್ಕ ಕೂಡಿಸಿದೆವು, ರಿಪೇರಿ ಮಾಡುವವರು ಹೊಸ ಕಂಡೆನ್ಸರ್ ಹಾಕಿದರು. ಸೆಟ್ಟು ಹಚ್ಚಿದರೆ ಮತ್ತೆ ಅದೇ ‘ಗುಂಯ್’!

ಎಲ್ಲಿ ತಪ್ಪಿತು? ಯಂತ್ರ ಕೆಟ್ಟಿರಲಿಲ್ಲ. ಉತ್ತರ ಕೊನೆಗೆ ಹೇಳುತ್ತೇನೆ. ಈಗ ಪಾಠ.

೨. ಪರದೆಯ ಮೇಲಿನ ಚುಕ್ಕಿ

ಆಸಿಲೋಸ್ಕೋಪಿನ ಒಳಗೆ ಗಾಳಿ ತೆಗೆದ ಒಂದು ಉದ್ದ ಗಾಜಿನ ಕೊಳವೆ ಇರುತ್ತದೆ. ಹಿಂದಿನ ತುದಿಯಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಸಣ್ಣ ಧಾರೆಯಾಗಿ ಮುಂದಿನ ಪರದೆಗೆ ಬಡಿಯುತ್ತವೆ. ಪರದೆಯ ಒಳಮೈಗೆ ಫಾಸ್ಫರ್ ಪುಡಿ ಬಳಿದಿರುತ್ತದೆ. ಎಲೆಕ್ಟ್ರಾನು ಬಡಿದಲ್ಲಿ ಅದು ಹೊಳೆಯುತ್ತದೆ. ಹೀಗಾಗಿ ನಮಗೆ ಕಾಣುವುದು ಒಂದು ಹಸಿರು ಚುಕ್ಕಿ.

ದಾರಿಯಲ್ಲಿ ಎರಡು ಜೋಡಿ ತಗಡುಗಳಿವೆ. ಒಂದು ಜೋಡಿ ಚುಕ್ಕಿಯನ್ನು ಮೇಲೆ ಕೆಳಗೆ ಎಳೆಯುತ್ತದೆ, ಇನ್ನೊಂದು ಜೋಡಿ ಎಡಕ್ಕೆ ಬಲಕ್ಕೆ ಎಳೆಯುತ್ತದೆ. ಎಲೆಕ್ಟ್ರಾನು ಋಣ ವಿದ್ಯುತ್ತಿನದು, ಆದ್ದರಿಂದ ಯಾವ ತಗಡು ಧನ ಆಗುತ್ತದೋ ಆ ಕಡೆ ವಾಲುತ್ತದೆ. ನಾವು ನೋಡಬೇಕಾದ ಸದ್ದಿನ ವೋಲ್ಟೇಜನ್ನು ಮೇಲೆ ಕೆಳಗಿನ ಜೋಡಿಗೆ ಕೊಡುತ್ತೇವೆ.

ಈಗ ವಿಚಾರ ಮಾಡ್ರಿ. ಎಡ ಬಲದ ಜೋಡಿಗೆ ಏನೂ ಕೊಡದಿದ್ದರೆ ಏನು ಕಾಣುತ್ತದೆ? ಚುಕ್ಕಿ ಇದ್ದಲ್ಲೇ ಮೇಲೆ ಕೆಳಗೆ ಕುಣಿದು ನೆಟ್ಟಗೆ ನಿಂತ ಒಂದು ಗೆರೆ ಕಾಣುತ್ತದೆ. ಎಷ್ಟು ಎತ್ತರ ಅಂತ ಗೊತ್ತಾಯಿತು, ಯಾವಾಗ ಅಂತ ಗೊತ್ತಾಗಲಿಲ್ಲ. ‘ಯಾವಾಗ’ ಅನ್ನುವುದನ್ನು ತೋರಿಸಲು ಚುಕ್ಕಿಯನ್ನು ಎಡದಿಂದ ಬಲಕ್ಕೆ ಒಂದೇ ವೇಗದಲ್ಲಿ ನಡೆಸಬೇಕು. ಈ ನಡೆಸುವ ಕೆಲಸವೇ ಸ್ವೀಪ್. ಕಸಬರಿಗೆ ಒಂದು ಸಲ ಎಳೆದಂತೆ ಅಂತ ತಿಳೀರಿ.

೩. ರಂಗೋಲಿಯಿಂದ ಮಾಡಿ ನೋಡ್ರಿ

ಇದಕ್ಕೆ ಕರೆಂಟು ಬೇಡ. ಒಂದು ಕಾಗದದ ಕೊಳವೆ ಅಥವಾ ತೂತು ಮಾಡಿದ ಸಣ್ಣ ಡಬ್ಬಿ ತಗೊಂಡು ಅದರಲ್ಲಿ ಒಣ ರಂಗೋಲಿ ಪುಡಿ ತುಂಬಿ. ಪಂಚಮಿ ಜೋಕಾಲಿ ಕಟ್ಟಿದಂತೆ ಒಂದು ಮೀಟರ್ ಉದ್ದದ ದಾರಕ್ಕೆ ತೂಗಹಾಕಿ. ಕೆಳಗೆ ಉದ್ದನೆಯ ಕರಿ ರಟ್ಟು ಇಡಿ. ಡಬ್ಬಿ ತೂಗಿಬಿಟ್ಟರೆ ಪುಡಿ ಒಂದೇ ಗೆರೆಯಾಗಿ ಬೀಳುತ್ತದೆ. ಇನ್ನೊಬ್ಬರು ರಟ್ಟನ್ನು ತೂಗುವ ದಿಕ್ಕಿಗೆ ಅಡ್ಡಲಾಗಿ, ಮೆಲ್ಲಗೆ, ಒಂದೇ ವೇಗದಲ್ಲಿ ಎಳೆಯಲಿ. ಅಲೆ ಅಲೆಯಾಗಿ ಚೆಂದನೆಯ ಗೆರೆ ಮೂಡುತ್ತದೆ.

ಒಂದು ಮೀಟರ್ ದಾರದ ಜೋಕಾಲಿ ಒಂದು ಸಲ ಹೋಗಿ ಬರಲು ಸುಮಾರು ೨ ಸೆಕೆಂಡ್ ಬೇಕು. ರಟ್ಟನ್ನು ಸೆಕೆಂಡಿಗೆ ೧೦ ಸೆಂ.ಮೀ. ಎಳೆದರೆ ಒಂದು ಅಲೆ ೨೦ ಸೆಂ.ಮೀ. ಉದ್ದ ಆಗುತ್ತದೆ. ಸೆಕೆಂಡಿಗೆ ೫ ಸೆಂ.ಮೀ. ಎಳೆದರೆ ೧೦ ಸೆಂ.ಮೀ. ಆಗುತ್ತದೆ. ಜೋಕಾಲಿ ಬದಲಾಗಲಿಲ್ಲ, ಚಿತ್ರ ಬದಲಾಯಿತು! ಎಳೆಯುವವನು ನಡುವೆ ಜೋರು ಮಾಡಿದರೆ ಒಂದು ಅಲೆ ಅಗಲ, ಒಂದು ಅಲೆ ಸಣ್ಣ. ನೋಡಿದವರು ಜೋಕಾಲಿಗೇ ಹುಚ್ಚು ಹಿಡಿದದ ಅಂತಾರ, ಆದರ ತಪ್ಪು ರಟ್ಟು ಎಳೆದವನದು.

ಈ ಪ್ರಯೋಗದೊಳಗೆ ಎರಡು ಮಾತು ನೆನಪಿಡ್ರಿ. ಒಂದು, ವೇಗ ಒಂದೇ ಸಮ ಇರಬೇಕು. ಎರಡು, ಆ ವೇಗ ಎಷ್ಟು ಅಂತ ನಮಗೆ ಗೊತ್ತಿರಬೇಕು.

೪. ಗರಗಸದ ಹಲ್ಲು

ಚುಕ್ಕಿ ಒಂದೇ ವೇಗದಲ್ಲಿ ನಡೆಯಬೇಕಾದರೆ ಎಡ ಬಲದ ತಗಡಿನ ವೋಲ್ಟೇಜು ಒಂದೇ ವೇಗದಲ್ಲಿ ಏರಬೇಕು. ಚುಕ್ಕಿ ಬಲದ ಅಂಚು ಮುಟ್ಟಿದ ಮೇಲೆ ವೋಲ್ಟೇಜು ಥಟ್ಟನೆ ಇಳಿದು ಮೊದಲಿನ ಜಾಗಕ್ಕೆ ಬರಬೇಕು. ಚಿತ್ರ ಬರೆದರೆ ಹೀಗೆ ಕಾಣುತ್ತದೆ:

／|／|／|／|

ಬಡಿಗೇರ ಮನೆಯ ಗರಗಸದ ಹಲ್ಲು ಇದ್ದಂಗ ಅದ ಅಲ್ಲ? ಅದಕ್ಕೇ ಇದಕ್ಕೆ ಗರಗಸ ಅಲೆ ಅನ್ನುತ್ತಾರೆ.

ನಾವು ಪಾಟಿಯ ಮೇಲೆ ಬರೆಯುವಾಗಲೂ ಹೀಗೇ ಮಾಡುತ್ತೇವೆ. ಎಡದಿಂದ ಬಲಕ್ಕೆ ಬರೆದು, ಬಳಪ ಎತ್ತಿ, ಲಗೂನ ಎಡಕ್ಕೆ ಬರುತ್ತೇವೆ. ಬಳಪ ಎತ್ತದೆ ತಿರುಗಿ ಬಂದರೆ ಅಡ್ಡ ಗೆರೆ ಬಿದ್ದು ಬರೆದದ್ದೆಲ್ಲ ಕೆಡುತ್ತದೆ. ಆಸಿಲೋಸ್ಕೋಪಿನಲ್ಲೂ ಚುಕ್ಕಿ ತಿರುಗಿ ಬರುವಾಗ ಎಲೆಕ್ಟ್ರಾನ್ ಧಾರೆಯನ್ನು ಬಂದ್ ಮಾಡುತ್ತಾರೆ. ಇದಕ್ಕೆ ಬ್ಲ್ಯಾಂಕಿಂಗ್ ಅಂತ ಹೆಸರು. ಚುಕ್ಕಿ ಕಾಣದಂತೆ ಎಡಕ್ಕೆ ಬಂದು ಮತ್ತೆ ಹೊರಡುತ್ತದೆ.

೫. ಸಮನಾಗಿ ಏರುವ ವೋಲ್ಟೇಜು ಎಲ್ಲಿಂದ ಬರುತ್ತದೆ?

ಇದೇ ಈ ಪಾಠದ ಮುಖ್ಯ ಭಾಗ. ಇಲ್ಲಿ ಕೆಲಸ ಮಾಡುವುದು ಒಂದು ಕೆಪಾಸಿಟರ್. ಕೆಪಾಸಿಟರ್ ಅಂದರೆ ವಿದ್ಯುತ್ತಿನ ಹೌದು (ನೀರಿನ ತೊಟ್ಟಿ) ಅಂತ ತಿಳಿಯಿರಿ. ತೊಟ್ಟಿಗೆ ನೀರು ಹರಿದರೆ ಮಟ್ಟ ಏರುತ್ತದೆ. ಕೆಪಾಸಿಟರಿಗೆ ಕರೆಂಟು ಹರಿದರೆ ವೋಲ್ಟೇಜು ಏರುತ್ತದೆ.

ಸುಲಭದ ದಾರಿ ಅಂದರೆ ಒಂದು ರೆಸಿಸ್ಟರ್ ಮೂಲಕ ಕೆಪಾಸಿಟರನ್ನು ತುಂಬಿಸುವುದು. ಆದರೆ ಇದರಲ್ಲಿ ಒಂದು ಕುಂದು ಇದೆ. ಎರಡು ತೊಟ್ಟಿಗಳ ಬುಡಕ್ಕೆ ಒಂದು ಪೈಪು ಜೋಡಿಸಿ ನೋಡಿ, ದೊಡ್ಡದು ತುಂಬಿದ್ದು, ಸಣ್ಣದು ಖಾಲಿ. ಮೊದಲಿಗೆ ನೀರು ಭರ್ರನೆ ಹರಿಯುತ್ತದೆ. ಸಣ್ಣ ತೊಟ್ಟಿಯ ಮಟ್ಟ ಏರಿದಂತೆ ಎರಡರ ನಡುವಿನ ಅಂತರ ಕಡಿಮೆಯಾಗಿ ನೀರು ಸೋರಿದಂತೆ ಬರುತ್ತದೆ. ರೆಸಿಸ್ಟರಿನಲ್ಲೂ ಇದೇ ಕಥೆ. ಒಂದು ಅವಧಿಯಲ್ಲಿ ಕೆಪಾಸಿಟರ್ ನೂರಕ್ಕೆ ೬೩ ತುಂಬಿದರೆ, ಅಷ್ಟೇ ಉದ್ದದ ಇನ್ನೊಂದು ಅವಧಿಯಲ್ಲಿ ೮೬ಕ್ಕೆ ಮಾತ್ರ ಮುಟ್ಟುತ್ತದೆ. ಮೊದಲ ಸಲ ೬೩, ಎರಡನೇ ಸಲ ಬರೀ ೨೩! ಈ ವೋಲ್ಟೇಜನ್ನು ತಗಡಿಗೆ ಕೊಟ್ಟರೆ ಚುಕ್ಕಿ ಎಡಕ್ಕೆ ಓಡುತ್ತದೆ, ಬಲಕ್ಕೆ ಕುಂಟುತ್ತದೆ. ಪರದೆಯ ಎಡಗಡೆ ಅಲೆಗಳು ಅಗಲ, ಬಲಗಡೆ ಇಕ್ಕಟ್ಟು.

ಪರಿಹಾರ ಏನು? ಮಟ್ಟ ಎಷ್ಟೇ ಇರಲಿ, ನಳ ಮೇಲಿನಿಂದ ಒಂದೇ ಧಾರೆಯಲ್ಲಿ ಸುರಿಯಬೇಕು. ಕೊಡ ಅರ್ಧ ತುಂಬಿದೆ ಅಂತ ಮೇಲಿನ ನಳ ತನ್ನ ಧಾರೆ ಸಣ್ಣ ಮಾಡುವುದಿಲ್ಲ. ವಿದ್ಯುತ್ತಿನಲ್ಲಿ ಇಂಥ ನಳಕ್ಕೆ ಸ್ಥಿರ ಕರೆಂಟಿನ ಮೂಲ ಅನ್ನುತ್ತಾರೆ. ಟ್ರಾನ್ಸಿಸ್ಟರಿನಿಂದ ಇದನ್ನು ಮಾಡಬಹುದು. ಬಹಳಷ್ಟು ಒಳ್ಳೆಯ ಆಸಿಲೋಸ್ಕೋಪುಗಳಲ್ಲಿ ‘ಮಿಲ್ಲರ್ ಇಂಟಿಗ್ರೇಟರ್’ ಅನ್ನುವ ಸರ್ಕಿಟು ಇರುತ್ತದೆ. ಅದರ ಉಪಾಯ ಇಷ್ಟೇ: ಕೆಪಾಸಿಟರಿನ ಒಂದು ಕಾಲು ಆಂಪ್ಲಿಫೈಯರಿನ ಬಾಯಿಗೆ, ಇನ್ನೊಂದು ಕಾಲು ಅದರ ಹೊರದಾರಿಗೆ. ಆಂಪ್ಲಿಫೈಯರು ತನ್ನ ಬಾಯಿಯ ವೋಲ್ಟೇಜು ಅಲುಗದಂತೆ ಹೊರದಾರಿಯನ್ನು ಸರಿಸುತ್ತಾ ಹೋಗುತ್ತದೆ. ಹಾಗಾಗಿ ರೆಸಿಸ್ಟರಿನ ಎರಡೂ ತುದಿಯ ಅಂತರ ಕೊನೆತನಕ ಅಷ್ಟೇ ಉಳಿಯುತ್ತದೆ, ಕರೆಂಟೂ ಅಷ್ಟೇ ಉಳಿಯುತ್ತದೆ. ಹೊರದಾರಿಯಲ್ಲಿ ಬರುವುದು ನೆಟ್ಟನೆಯ ಏರು.

೬. ಒಂದು ಸಣ್ಣ ಲೆಕ್ಕ

ಗಣಿತ ಅಂದ್ರ ಅಂಜಬ್ಯಾಡ್ರಿ. ಸೂತ್ರ ಒಂದೇ:

ಒಂದು ಸೆಕೆಂಡಿಗೆ ಏರುವ ವೋಲ್ಟೇಜು = ಕರೆಂಟು ÷ ಕೆಪಾಸಿಟರಿನ ಅಳತೆ

ನಳದ ಧಾರೆ ದಪ್ಪ ಆದರೆ ತೊಟ್ಟಿ ಬೇಗ ತುಂಬುತ್ತದೆ, ತೊಟ್ಟಿ ದೊಡ್ಡದಾದರೆ ತಡ ಆಗುತ್ತದೆ. ಅದೇ ಮಾತು.

ಪರದೆಯ ಮೇಲೆ ಅಡ್ಡಕ್ಕೆ ೧೦ ಮನೆ. ೧೦ ವೋಲ್ಟ್ ಏರಿದರೆ ಚುಕ್ಕಿ ೧೦ ಮನೆ ದಾಟುತ್ತದೆ ಅಂತ ಇಟ್ಟುಕೊಳ್ಳೋಣ. ‘ಮನೆಗೆ ೫ ಮಿಲಿಸೆಕೆಂಡ್’ ಬೇಕಾದರೆ ಪೂರ್ತಿ ಓಟಕ್ಕೆ ೫೦ ಮಿಲಿಸೆಕೆಂಡ್. ೫೦ ಮಿಲಿಸೆಕೆಂಡಿನಲ್ಲಿ ೧೦ ವೋಲ್ಟ್ ಅಂದರೆ ಸೆಕೆಂಡಿಗೆ ೨೦೦ ವೋಲ್ಟ್. ೧ ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ೦.೨ ಮಿಲಿಆಂಪಿಯರ್ ಕರೆಂಟು ಕೊಟ್ಟರೆ ಸರಿಯಾಗಿ ಇಷ್ಟೇ ಆಗುತ್ತದೆ.

ಈಗ ಕರೆಂಟು ಅಷ್ಟೇ ಇಟ್ಟು ಕೆಪಾಸಿಟರ್ ಮಾತ್ರ ಸಾವಿರ ಪಾಲು ಸಣ್ಣದು ಹಾಕಿ, ಅಂದ್ರ ೧೦೦೦ ಪಿಕೋಫ್ಯಾರಡ್. ವೇಗ ಸಾವಿರ ಪಟ್ಟು ಆಗುತ್ತದೆ: ಮನೆಗೆ ೫ ಮೈಕ್ರೋಸೆಕೆಂಡ್. ಪರದೆಯ ಮುಂದಿನ ದೊಡ್ಡ ‘ಟೈಮ್/ಡಿವ್’ ಗುಂಡಿಯನ್ನು ಕಟ ಕಟ ಅಂತ ತಿರುವಿದಾಗ ಒಳಗೆ ನಡೆಯುವುದು ಇದೇ. ಒಂದು ಕೆಪಾಸಿಟರ್ ಹೋಗಿ ಇನ್ನೊಂದು ಬರುತ್ತದೆ, ಒಂದು ರೆಸಿಸ್ಟರ್ ಹೋಗಿ ಇನ್ನೊಂದು ಬರುತ್ತದೆ. ಗುಂಡಿಯ ಮೇಲಿನ ಅಂಕಿಗಳು ೧, ೨, ೫, ೧೦, ೨೦, ೫೦ ಹೀಗೆ ಸಾಗುತ್ತವೆ.

ಒಂದು ಮೋಜಿನ ಮಾತು. ಮನೆ ೧ ಸೆಂ.ಮೀ. ಅಗಲ. ಮನೆಗೆ ೫ ಮಿಲಿಸೆಕೆಂಡ್ ಇದ್ದಾಗ ಚುಕ್ಕಿಯ ವೇಗ ಸೆಕೆಂಡಿಗೆ ೨ ಮೀಟರ್, ತಾಸಿಗೆ ೭ ಕಿ.ಮೀ. ಚಿಲ್ಲರೆ. ಹುಬ್ಬಳ್ಳಿ ಬಸ್ಸು ತಪ್ಪುತ್ತದೆ ಅಂತ ನಾವು ನಡೆಯುವ ಜೋರು ನಡಿಗೆ ಅಷ್ಟೇ. ಮನೆಗೆ ೦.೨ ಮೈಕ್ರೋಸೆಕೆಂಡ್ ಇಟ್ಟರೆ ಸೆಕೆಂಡಿಗೆ ೫೦ ಕಿ.ಮೀ.! ಆ ವೇಗದಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅರ್ಧ ಸೆಕೆಂಡೂ ಬೇಡ.

೭. ಸೀಟಿ ಊದುವವರು ಯಾರು?

ಚುಕ್ಕಿ ಸಮನಾಗಿ ಓಡಿತು. ಆದರೂ ಚಿತ್ರ ನಿಲ್ಲುವುದಿಲ್ಲ. ಯಾಕಂದ್ರ ಚುಕ್ಕಿ ಒಂದೇ ಸಲ ಓಡುವುದಿಲ್ಲ, ಮತ್ತೆ ಮತ್ತೆ ಓಡುತ್ತದೆ. ಮೊದಲ ಓಟ ಅಲೆಯ ತುದಿಯಲ್ಲಿ ಶುರುವಾಗಿ, ಎರಡನೇ ಓಟ ಅಲೆಯ ತಳದಲ್ಲಿ ಶುರುವಾಗಿ, ಮೂರನೇದು ಇನ್ನೆಲ್ಲೋ ಶುರುವಾದರೆ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ. ಇಲ್ಲವೇ ಚಿತ್ರ ಬೆಣ್ಣಿಹಳ್ಳದ ನೀರಿನಂತೆ ಒಂದು ಕಡೆಗೆ ಹರಿಯುತ್ತಲೇ ಇರುತ್ತದೆ. ಪ್ರತಿ ಓಟವೂ ಅಲೆಯ ಅದೇ ಜಾಗದಲ್ಲಿ ಶುರುವಾದರೆ ಮಾತ್ರ ಗೆರೆಯ ಮೇಲೆ ಗೆರೆ ಕೂತು ಚಿತ್ರ ಕಲ್ಲಿನಂತೆ ನಿಲ್ಲುತ್ತದೆ.

ಈ ಕೆಲಸ ಮಾಡುವುದು ಟ್ರಿಗರ್. ನಮ್ಮ ಓಟದ ಪಂದ್ಯ ನೆನಪು ಮಾಡಿಕೊಳ್ರಿ:

(ಅ) ಪಿ.ಟಿ. ಗುರುಗಳು ಸೀಟಿ ಊದುತ್ತಾರೆ. ಟ್ರಿಗರ್ ಸರ್ಕಿಟು ಅಲೆಯನ್ನು ನೋಡುತ್ತಾ ಕೂತಿರುತ್ತದೆ. ಅಲೆ ನಾವು ‘ಲೆವೆಲ್’ ಗುಂಡಿಯಿಂದ ಹೇಳಿದ ಎತ್ತರಕ್ಕೆ ಬಂದಾಗ ಸೀಟಿ ಊದುತ್ತದೆ. ಏರುವಾಗ ಊದಬೇಕೋ ಇಳಿಯುವಾಗ ಊದಬೇಕೋ ಅನ್ನುವುದನ್ನು ‘ಸ್ಲೋಪ್’ ಒತ್ತುಗುಂಡಿ ಹೇಳುತ್ತದೆ.

(ಆ) ಸೀಟಿ ಕೇಳಿದ ಕೂಡಲೇ ಬಾಗಿಲು ತೆರೆಯುತ್ತದೆ. ಇದಕ್ಕೆ ಗೇಟ್ ಅನ್ನುತ್ತಾರೆ. ಗೇಟ್ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಕೆಪಾಸಿಟರ್ ತುಂಬಲು ಬಿಡುತ್ತದೆ, ಎಲೆಕ್ಟ್ರಾನ್ ಧಾರೆಯನ್ನೂ ಚಾಲೂ ಮಾಡುತ್ತದೆ.

(ಇ) ಚುಕ್ಕಿ ಓಡುತ್ತದೆ. ನಡುವೆ ಎಷ್ಟು ಸೀಟಿ ಊದಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

(ಈ) ವೋಲ್ಟೇಜು ಬಲದ ಅಂಚಿನ ಮಟ್ಟ ಮುಟ್ಟಿದಾಗ ಗೇಟ್ ಮುಚ್ಚುತ್ತದೆ. ಧಾರೆ ಬಂದ್. ಕೆಪಾಸಿಟರ್ ಲಗೂನ ಖಾಲಿಯಾಗುತ್ತದೆ.

(ಉ) ಓಡಿ ಬಂದ ಹುಡುಗ ತಿರುಗಿ ಗೆರೆಗೆ ಬಂದು ಕಾಲು ಕೂಡಿಸಿ ನಿಲ್ಲುವ ತನಕ ಮುಂದಿನ ಸೀಟಿಗೆ ಬೆಲೆ ಇಲ್ಲ. ಇದಕ್ಕೆ ‘ಹೋಲ್ಡ್ ಆಫ್’ ಅಂತ ಹೆಸರು. ಕೆಪಾಸಿಟರ್ ಪೂರ್ತಿ ಖಾಲಿಯಾಗುವ ಮೊದಲೇ ಹೊರಟರೆ ಒಂದೊಂದು ಓಟ ಒಂದೊಂದು ಜಾಗದಿಂದ ಶುರುವಾಗಿ ಚಿತ್ರ ನಡುಗುತ್ತದೆ.

(ಊ) ಹೋಲ್ಡ್ ಆಫ್ ಮುಗಿಯಿತು. ಈಗ ಬಂದ ಮೊದಲ ಸೀಟಿಗೆ ಮತ್ತೆ ಓಟ.

ಅಲೆಯೇ ಇಲ್ಲದಿದ್ದರೆ ಸೀಟಿಯೇ ಇಲ್ಲ, ಪರದೆ ಕತ್ತಲೆ. ಹೊಸಬರು ಯಂತ್ರ ಕೆಟ್ಟದ ಅಂತ ತಿಳೀತಾರ. ಅದಕ್ಕೇ ‘ಆಟೋ’ ಅಂತ ಒಂದು ಜಾಗ ಇದೆ. ಸ್ವಲ್ಪ ಹೊತ್ತು ಸೀಟಿ ಬರದಿದ್ದರೆ ಚುಕ್ಕಿ ತಾನೇ ಓಡಿ ನಡುವೆ ಒಂದು ನೆಟ್ಟನೆಯ ಗೆರೆ ತೋರಿಸುತ್ತದೆ. ‘ನಾರ್ಮಲ್’ ಅಂತ ಇಟ್ಟರೆ ಸೀಟಿ ಬರುವ ತನಕ ಕಾಯುತ್ತದೆ.

೮. ತಗಡಿನ ತನಕ

ಕೆಪಾಸಿಟರಿನ ಈ ಸಣ್ಣ ಏರನ್ನು ತಗಡಿಗೆ ಹಾಗೇ ಕೊಟ್ಟರೆ ಚುಕ್ಕಿ ಅಗಲಕ್ಕೆ ಓಡುವುದಿಲ್ಲ, ಶಕ್ತಿ ಸಾಲದು. ಅದಕ್ಕೆ ಹಾರಿಜಾಂಟಲ್ ಆಂಪ್ಲಿಫೈಯರ್ ಬೇಕು. ಅದು ಏರನ್ನು ಹಿಗ್ಗಿಸಿ, ಒಂದು ತಗಡಿನ ವೋಲ್ಟೇಜು ಏರುವಾಗ ಎದುರಿನ ತಗಡಿನದು ಅಷ್ಟೇ ಇಳಿಯುವಂತೆ ಮಾಡುತ್ತದೆ. ಒಬ್ಬ ಎಳೆದು ಒಬ್ಬ ನೂಕಿದರೆ ಚಕ್ಕಡಿ ಸರಾಗ ಹೋದಂಗ. ‘ಪೊಸಿಷನ್’ ಗುಂಡಿ ಇದೇ ಆಂಪ್ಲಿಫೈಯರಿಗೆ ಒಂದಿಷ್ಟು ವೋಲ್ಟೇಜು ಕೂಡಿಸಿ ಇಡೀ ಚಿತ್ರವನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ‘ಎಕ್ಸ್-ವೈ’ ಅಂತ ಇಟ್ಟರೆ ಸ್ವೀಪ್ ಪೂರ್ತಿ ಬಿಟ್ಟುಹೋಗುತ್ತದೆ. ಆಗ ಹೊರಗಿನ ಇನ್ನೊಂದು ವೋಲ್ಟೇಜು ಚುಕ್ಕಿಯನ್ನು ಎಡ ಬಲಕ್ಕೆ ನಡೆಸುತ್ತದೆ.

ನಮ್ಮ ಮನೆಗಳಲ್ಲಿ ಮೊದಲಿದ್ದ ಡಬ್ಬಿ ಟಿವಿಯಲ್ಲೂ ಸ್ವೀಪ್ ಇತ್ತು. ಅಲ್ಲಿ ತಗಡಿನ ಬದಲು ತಂತಿ ಸುರುಳಿಯ ಅಯಸ್ಕಾಂತ ಧಾರೆಯನ್ನು ಎಳೆಯುತ್ತಿತ್ತು. ಒಂದು ಚಿತ್ರಕ್ಕೆ ೬೨೫ ಗೆರೆ, ಸೆಕೆಂಡಿಗೆ ೨೫ ಚಿತ್ರ, ಒಟ್ಟು ಸೆಕೆಂಡಿಗೆ ೧೫,೬೨೫ ಸಲ ಎಡದಿಂದ ಬಲಕ್ಕೆ ಓಟ. ಮೇಲೆ ಕೆಳಗಿನ ಸ್ವೀಪ್ ಕೆಟ್ಟರೆ ಪರದೆಯ ನಡುವೆ ಒಂದೇ ಒಂದು ಅಡ್ಡ ಗೆರೆ ಉಳಿಯುತ್ತಿತ್ತು. ಅದನ್ನು ನೋಡಿದವರು ನಮ್ಮ ಊರೊಳಗ ಇನ್ನೂ ಬಹಳ ಮಂದಿ ಇದ್ದಾರ, ಕೇಳಿ ನೋಡ್ರಿ.

೯. ಇದನ್ನು ಕಂಡುಹಿಡಿದವರು

ಇಂಥ ಕೊಳವೆಯನ್ನು ಮೊದಲು ಮಾಡಿದವರು ಕಾರ್ಲ್ ಫರ್ಡಿನಾಂಡ್ ಬ್ರೌನ್, ೧೮೯೭ರಲ್ಲಿ. ಅವರ ಕೊಳವೆಯಲ್ಲಿ ಚುಕ್ಕಿ ಒಂದೇ ದಿಕ್ಕಿಗೆ ಆಡುತ್ತಿತ್ತು. ಕಾಲವನ್ನು ತೋರಿಸಲು ಅವರು ಎದುರಿಗೆ ಒಂದು ತಿರುಗುವ ಕನ್ನಡಿ ಇಟ್ಟು ಅದರಲ್ಲಿ ನೋಡುತ್ತಿದ್ದರು. ಎರಡು ವರ್ಷದ ಮೇಲೆ, ೧೮೯೯ರಲ್ಲಿ, ಯೋನಾಥಾನ್ ಝೆನ್ನೆಕ್ ಅನ್ನುವವರು ಚುಕ್ಕಿಯನ್ನೇ ಅಡ್ಡಕ್ಕೆ ನಡೆಸುವ ವ್ಯವಸ್ಥೆ ಸೇರಿಸಿದರು. ಕನ್ನಡಿಯ ಕೆಲಸ ಮುಗಿಯಿತು, ಸ್ವೀಪ್ ಹುಟ್ಟಿತು.

ಮುಂದೆ ಬಹಳ ವರ್ಷ ಸ್ವೀಪ್ ತನ್ನಷ್ಟಕ್ಕೆ ಓಡುತ್ತಲೇ ಇರುತ್ತಿತ್ತು. ಅದರ ವೇಗವನ್ನು ಅಲೆಗೆ ಹೊಂದುವಂತೆ ಕೈಯಿಂದ ತಿರುವಿ ಚಿತ್ರ ನಿಲ್ಲಿಸಬೇಕಾಗಿತ್ತು. ವೇಗವನ್ನೇ ತಿರುವಿದ ಮೇಲೆ ಹೊತ್ತು ಅಳೆಯುವುದು ಹೇಗೆ? ಅಮೆರಿಕದಲ್ಲಿ ಹೋವರ್ಡ್ ವೊಲಮ್, ಜ್ಯಾಕ್ ಮರ್ಡಾಕ್ ಮತ್ತು ಅವರ ಗೆಳೆಯರು ೧೯೪೬ರಲ್ಲಿ ಟೆಕ್ಟ್ರಾನಿಕ್ಸ್ ಕಂಪನಿ ಕಟ್ಟಿ ೧೯೪೭ರಲ್ಲಿ ೫೧೧ ಅನ್ನುವ ಆಸಿಲೋಸ್ಕೋಪ್ ಮಾರಾಟಕ್ಕೆ ತಂದರು. ಅದರಲ್ಲಿ ಅಲೆಯೇ ಸೀಟಿ ಊದುತ್ತಿತ್ತು, ವೇಗ ಮಾತ್ರ ಗೊತ್ತುಪಡಿಸಿದಷ್ಟೇ ಇರುತ್ತಿತ್ತು. ಅಲ್ಲಿಂದ ಮುಂದೆ ಆಸಿಲೋಸ್ಕೋಪ್ ಬರೀ ನೋಡುವ ಯಂತ್ರವಾಗಿ ಉಳಿಯದೆ ಅಳೆಯುವ ಯಂತ್ರವಾಯಿತು. ಅದೇ ೧೯೪೭ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು ಅನ್ನುವುದನ್ನು ನೆನಪಿಟ್ಟರೆ ಇಸವಿ ಮರೆಯುವುದಿಲ್ಲ.

ಈಗಿನ ಹೊಸ ಯಂತ್ರಗಳು ಡಿಜಿಟಲ್. ಅವು ಅಲೆಯನ್ನು ಅಂಕಿ ಮಾಡಿ ನೆನಪಿನಲ್ಲಿಟ್ಟುಕೊಂಡು ಪರದೆಯ ಮೇಲೆ ಬರೆಯುತ್ತವೆ, ಗರಗಸ ಅಲೆ ಬೇಡ. ಆದರೆ ಅವುಗಳಲ್ಲೂ ಟೈಮ್/ಡಿವ್ ಇದೆ, ಟ್ರಿಗರ್ ಇದೆ, ಲೆವೆಲ್ ಇದೆ. ಹಳೇ ಯಂತ್ರ ತಿಳಿದವರಿಗೆ ಹೊಸದು ಕಷ್ಟವಲ್ಲ.

೧೦. ನನ್ನ ತಪ್ಪು

ಈಗ ನಮ್ಮ ಮೈಕಿನ ಕಡೆ ಬರೋಣ. ಟೈಮ್/ಡಿವ್ ಗುಂಡಿಯ ನಡುವೆ ಇನ್ನೊಂದು ಸಣ್ಣ ಗುಂಡಿ ಇರುತ್ತದೆ, ಅದರ ಹೆಸರು ‘ವೇರಿಯಬಲ್’. ಅದನ್ನು ಒಂದು ತುದಿಗೆ ತಿರುವಿದರೆ ‘ಕಟ್’ ಅಂತ ಕೂರುತ್ತದೆ, ಅಲ್ಲಿ ‘ಕ್ಯಾಲ್’ ಅಂತ ಬರೆದಿರುತ್ತದೆ. ಅಲ್ಲಿ ಕೂತಾಗ ಮಾತ್ರ ದೊಡ್ಡ ಗುಂಡಿಯ ಅಂಕಿ ಖರೇ. ಅಲ್ಲಿಂದ ಸರಿಸಿದರೆ ಕೆಪಾಸಿಟರಿಗೆ ಹೋಗುವ ಕರೆಂಟು ಕಡಿಮೆಯಾಗುತ್ತದೆ, ಅಂದ್ರ ನಳದ ಧಾರೆ ಸಣ್ಣಾಗುತ್ತದೆ. ಚುಕ್ಕಿ ನಿಧಾನವಾಗುತ್ತದೆ, ಸಾಮಾನ್ಯವಾಗಿ ಎರಡೂವರೆ ಪಟ್ಟಿನ ತನಕ. ದೊಡ್ಡ ಗುಂಡಿ ಮಾತ್ರ ‘೫ ಮಿಲಿಸೆಕೆಂಡ್’ ಅಂತಲೇ ಹೇಳುತ್ತಿರುತ್ತದೆ.

ಅವತ್ತು ಆ ಸಣ್ಣ ಗುಂಡಿ ಕ್ಯಾಲ್‌ನಲ್ಲಿ ಇರಲಿಲ್ಲ. ಚುಕ್ಕಿ ಸುಮಾರು ಅರ್ಧ ವೇಗದಲ್ಲಿ ನಡೆಯುತ್ತಿತ್ತು. ರಟ್ಟು ಮೆಲ್ಲಗೆ ಎಳೆದರೆ ರಂಗೋಲಿ ಅಲೆ ಸಣ್ಣಾಯಿತಲ್ಲ, ಹಾಗೇ ನಾಲ್ಕು ಮನೆ ಇರಬೇಕಾದ ಅಲೆ ಎರಡು ಮನೆ ಚಿಲ್ಲರೆಗೆ ಕುಗ್ಗಿತ್ತು. ಗುರುಗಳು ಗುಂಡಿಯನ್ನು ಕಟ್ ಅನ್ನಿಸಿದರು. ಅಲೆ ನಮ್ಮೆದುರಿಗೇ ಹಿಗ್ಗಿ ಸರಿಯಾಗಿ ನಾಲ್ಕು ಮನೆ ಆಯಿತು. ನಾಲ್ಕೈದ್ಲೆ ೨೦ ಮಿಲಿಸೆಕೆಂಡ್, ೫೦ ಹರ್ಟ್ಸ್! ಮೈಕಿನ ವೈರು ಬಿಚ್ಚಿ ನೋಡಿದರೆ ಪಿನ್ನಿನ ಹತ್ತಿರ ಜಾಳಿಗೆ ತಂತಿ ಹರಿದಿತ್ತು. ಬೆಸುಗೆ ಹಾಕಿದ ಕೂಡಲೇ ‘ಗುಂಯ್’ ಹೋಯಿತು.

ಗುರುಗಳು ಬೈಯಲಿಲ್ಲ. ಆದರೆ ಒಂದು ಮಾತು ಕೇಳಿದರು: “ನೀ ಬಿಟ್ಟ ಆ ಚೂರು ಎಷ್ಟಿತ್ತು?” ಎರಡು ಮನೆ ಮೇಲೆ ಮನೆಯ ಹತ್ತನೇ ಒಂದು ಪಾಲು. ಅದನ್ನು ಬಿಡದೆ ಲೆಕ್ಕ ಹಾಕಿದ್ದರೆ ೧೦.೫ ಮಿಲಿಸೆಕೆಂಡ್, ಅಂದರೆ ಸುಮಾರು ೯೫ ಹರ್ಟ್ಸ್. ಕಂಡೆನ್ಸರಿನ ಸದ್ದು ಆಗಿದ್ದರೆ ೧೦೦ ಇರಬೇಕು. ನಮ್ಮ ದೇಶದ ವಿದ್ಯುತ್ ಜಾಲವನ್ನು ೪೯.೯೦ರಿಂದ ೫೦.೦೫ ಹರ್ಟ್ಸ್ ನಡುವೆ ಇಡಬೇಕು ಅಂತ ನಿಯಮ ಇದೆ. ಅದು ೧೦೦ರ ಬದಲು ೯೫ ಆಗುವ ಮಾತೇ ಇಲ್ಲ. ಹಾಗಾದರೆ ತಪ್ಪಿದ್ದು ನಮ್ಮ ಅಳತೆ. ನಾನು ಬೇಡ ಅಂತ ಬಿಟ್ಟ ಆ ಚೂರೇ ಖರೇ ಸಾಕ್ಷಿ ಹೇಳುತ್ತಿತ್ತು. ನನಗೆ ಬೇಕಾದ ಉತ್ತರ ಬಂತಂತ ನಾನು ಸಾಕ್ಷಿಯ ಬಾಯಿ ಮುಚ್ಚಿಸಿದೆ.

ಇನ್ನೊಂದು ಮಾತೂ ಹೇಳಿದರು. ಮೈಕಿನ ಪಿನ್ ಕಿತ್ತು ನೋಡಿದ್ದರೂ ಸಾಕಿತ್ತು. ಸದ್ದು ನಿಂತರೆ ದೋಷ ಮೈಕಿನ ಕಡೆಗೆ, ಉಳಿದರೆ ಸೆಟ್ಟಿನೊಳಗೆ. ಯಂತ್ರ ಬಂದ ಖುಷಿಯೊಳಗ ನಮಗ ಯಾರಿಗೂ ಅದು ಹೊಳೀಲಿಲ್ಲ. ಕೂಡಿಸಿದ ರೊಕ್ಕ ಕಂಡೆನ್ಸರಿಗೆ ಹೋಯಿತು. ರೊಕ್ಕ ಕೊಟ್ಟವರೆಲ್ಲ ನನ್ನ ಕ್ಷಮಿಸಬೇಕು.

ಈಗ ನಾನು ಅಳೆಯುವ ಮೊದಲು ಎರಡು ಕೆಲಸ ಮಾಡುತ್ತೇನೆ. ಸಣ್ಣ ಗುಂಡಿ ಕ್ಯಾಲ್‌ನಲ್ಲಿ ಕೂತಿದೆಯೇ ಅಂತ ಬೆರಳಿನಿಂದ ನೋಡುತ್ತೇನೆ. ಆಮೇಲೆ ಯಂತ್ರದ ಮುಂದೆಯೇ ಇರುವ ಪರೀಕ್ಷೆಯ ಕೊಂಡಿಗೆ ತಂತಿ ಹಚ್ಚುತ್ತೇನೆ. ನಮ್ಮ ಯಂತ್ರದಲ್ಲಿ ಅದು ೧೦೦೦ ಹರ್ಟ್ಸಿನ ಚೌಕ ಅಲೆ ಕೊಡುತ್ತದೆ. ಮನೆಗೆ ೦.೫ ಮಿಲಿಸೆಕೆಂಡ್ ಇಟ್ಟರೆ ಒಂದು ಅಲೆ ಸರಿಯಾಗಿ ಎರಡು ಮನೆ ಬರಬೇಕು. ಬಂದರೆ ಮುಂದೆ, ಬರದಿದ್ದರೆ ನಿಲ್ಲು. ತಕ್ಕಡಿ ಖಾಲಿ ಇದ್ದಾಗ ಮುಳ್ಳು ನಡುವೆ ನಿಲ್ಲುತ್ತದೋ ಇಲ್ಲವೋ ನೋಡಿಯೇ ಕಾಳು ತೂಗುತ್ತಾರಲ್ಲ, ಅದೇ ಇದು.

ಎಚ್ಚರಿಕೆ: ಆಸಿಲೋಸ್ಕೋಪಿನ ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಬಂದ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಡಬ್ಬಿ ಬಿಚ್ಚಬ್ಯಾಡ್ರಿ. ಅದರ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಎಂದೂ ಹಚ್ಚಬ್ಯಾಡ್ರಿ. ಅದರ ಕಪ್ಪು ಕ್ಲಿಪ್ಪು ಅರ್ಥಿಂಗಿಗೆ ಸೇರಿರುತ್ತದೆ, ಶಾರ್ಟ್ ಆಗಿ ಜೀವಕ್ಕೆ ಅಪಾಯ. ಗುರುಗಳು ಎದುರಿಗಿದ್ದಾಗ ಮಾತ್ರ ಮುಟ್ಟಬೇಕು.

ಉತ್ತರ ಹೇಳ್ರಿ ನೋಡೋಣ

೧) ಮನೆಗೆ ೨ ಮಿಲಿಸೆಕೆಂಡ್ ಇದ್ದಾಗ ಒಂದು ಅಲೆ ೫ ಮನೆ ಹಿಡಿಯಿತು. ಎಷ್ಟು ಹರ್ಟ್ಸ್?
೨) ಮನೆಗೆ ೧ ಮಿಲಿಸೆಕೆಂಡ್ ಇಟ್ಟರೆ ೫೦೦ ಹರ್ಟ್ಸಿನ ಎಷ್ಟು ಅಲೆಗಳು ೧೦ ಮನೆಯಲ್ಲಿ ಕಾಣುತ್ತವೆ?
೩) ಅಲೆ ಕಾಣುತ್ತದೆ, ಆದರೆ ಒಂದೇ ಸಮನೆ ಪಕ್ಕಕ್ಕೆ ಹರಿಯುತ್ತದೆ. ಯಾವ ಗುಂಡಿ ತಿರುವಬೇ?ಕು?
೪) ಪರದೆಯ ಮೇಲೆ ನೆಟ್ಟಗೆ ನಿಂತ ಗೆರೆ ಮಾತ್ರ ಕಾಣುತ್ತದೆ. ಏನಾಗಿರಬಹುದು?

ಉತ್ತರಗಳು (ಮೊದಲು ತಾವು ಮಾಡಿ, ಆಮೇಲೆ ನೋಡಿ): ೧) ೧೦ ಮಿಲಿಸೆಕೆಂಡ್, ೧೦೦ ಹರ್ಟ್ಸ್. ೨) ಐದು. ೩) ಟ್ರಿಗರಿನ ಲೆವೆಲ್. ೪) ಸ್ವೀಪ್ ನಡೆಯುತ್ತಿಲ್ಲ, ಇಲ್ಲವೇ ಯಾರೋ ‘ಎಕ್ಸ್-ವೈ’ ಒತ್ತಿದ್ದಾರೆ.

ನನ್ನ ಬರಹದೊಳಗೆ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಿಂದ ತಿದ್ದಬೇಕು, ಗೆಳೆಯರು ಬಂದು ಹೇಳಬೇಕು. ಸಣ್ಣ ಚೂರಿದ್ದರೂ ಬಿಡಬ್ಯಾಡ್ರಿ.


ನಿಮ್ಮ ವರ್ಗಮಿತ್ರ, ೧೦ನೇ ಇಯತ್ತೆ